ಗುಜರಿಯಿಂದ ಬಂದ ಕಾರು, ಅಂಚೆಯಲ್ಲಿ ಬಂದ ಪತ್ರಿಕೆ

(ಹಳೆಯ ಕಾರುಗಳ ಆಸಕ್ತರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ತೆರೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಅಲ್ಲಲ್ಲಿ ನಾಲ್ಕು ಮಾತು ಹೆಚ್ಚಿಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊರಗೆ ನಿಲ್ಲಿಸಿರುವ ಕಾರುಗಳನ್ನು ನೋಡಿಕೊಂಡೇ ಒಳಗೆ ಬಂದೆ. ಒಂದು ಮಾರಿಸ್ ಮೈನರ್, ಎರಡು ಫಿಯೆಟ್, ತನ್ನ ಮುಂದೆ ಮಿಕ್ಕವೆಲ್ಲ ಆಟಿಕೆ ಎಂಬ ಗತ್ತಿನಲ್ಲಿ ನಿಂತಿರುವ ಒಂದು ಸ್ಟುಡಿಬೇಕರ್. ಯಾರನ್ನು ಮಾತಾಡಿಸಿದರೂ ಮೊದಲು ಬಂದ ಮಾತು ಒಂದೇ: "ಎಲ್ಲ ಒರಿಜಿನಲ್ ಸಾರ್, ಒಂದು ನಟ್ಟೂ ಬದಲಾಯಿಸಿಲ್ಲ." ನಾನು ತಲೆಯಾಡಿಸಿದೆ. ಆದರೆ ಇವತ್ತು ನಾನು ಯಾರ ಕಥೆ ಹೇಳಲು ಬಂದಿದ್ದೇನೋ ಆ ಜನ ಈ ಮಾತು ಕೇಳಿದ್ದರೆ ನಿಮ್ಮನ್ನು ಪಾಪ ಎಂದು ನೋಡುತ್ತಿದ್ದರು. ಅವರು ಕಾರು ಮನೆಗೆ ತಂದ ಸಂಜೆಯೇ ಗರಗಸ ಹಿಡಿದವರು.

ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯದ ದಕ್ಷಿಣ ಭಾಗದಲ್ಲಿ, ಹಾಟ್ ರಾಡ್ ಎಂದರೆ ಮೂಲತಃ ಇಷ್ಟೇ: 1920 ಮತ್ತು 30ರ ದಶಕದ ಒಂದು ಅಗ್ಗದ ಕಾರು, ಹೆಚ್ಚಾಗಿ ಫೋರ್ಡ್. ಅದರ ಮಡ್‌ಗಾರ್ಡ್ ಬಿಚ್ಚಿ ಎಸೆಯುವುದು, ಬಾನೆಟ್ ಎಸೆಯುವುದು, ತೂಕ ಕಳೆಯುವುದು, ಎಂಜಿನ್ನಿಗೆ ಕೈಹಾಕಿ ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಹಿಂಡುವುದು. ನಮ್ಮಲ್ಲಿ ಇದನ್ನು ಮಾಡಿದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಎದುರಾಗುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಹೇಳಿತು. ಆದ್ದರಿಂದ ಈ ಉಪನ್ಯಾಸ ಕೇಳಿ ಮನೆಗೆ ಹೋಗಿ ಯಾರೂ ಫಿಯೆಟ್ಟಿನ ಛಾವಣಿ ಕತ್ತರಿಸಬೇಡಿ. ಕತ್ತರಿಸಿದರೆ ನನ್ನ ಹೆಸರು ಹೇಳಬೇಡಿ.

ಆದರೆ ನಾನು ಮಾತಾಡಬೇಕಾಗಿರುವುದು ಕಾರಿಗಿಂತ ಹೆಚ್ಚಾಗಿ ಕಾಗದದ ಬಗ್ಗೆ. ಹಾಟ್ ರಾಡ್ ಪ್ರಿಯರ ಜೊತೆ ಐದು ನಿಮಿಷ ಕೂತರೆ ಸಾಕು, ಮಾತು ಕಾರು ಬಿಟ್ಟು ಪತ್ರಿಕೆಗೆ ಹೊರಳುತ್ತದೆ. ಯಾವ ಸಂಚಿಕೆಯ ಮುಖಪುಟದಲ್ಲಿ ಯಾವ ಕಾರಿತ್ತು, ಅದನ್ನು ಯಾರು ಕಟ್ಟಿದರು, ಚಿತ್ರ ತೆಗೆದವರು ಯಾರು ಎಂಬುದೆಲ್ಲ ನಾಲಿಗೆಯ ತುದಿಯಲ್ಲಿರುತ್ತದೆ. ಅವರಲ್ಲಿ ಬಹಳಷ್ಟು ಮಂದಿ ಆ ಕಾರನ್ನು ಕಣ್ಣಾರೆ ಕಂಡೇ ಇಲ್ಲ. ಕಂಡದ್ದು ಅಂಗೈಯಗಲದ ಒಂದು ಕಪ್ಪುಬಿಳುಪು ಚಿತ್ರವನ್ನು. ಐವತ್ತು ವರ್ಷ ಕಾಡಿದ್ದೂ ಆ ಚಿತ್ರವೇ.

ಕಥೆ ಶುರುವಾಗುವುದು 1932ರಲ್ಲಿ. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ಮುಳುಗಿದ್ದಾಗ ಹೆನ್ರಿ ಫೋರ್ಡ್ ಸಾಮಾನ್ಯರ ಕೈಗೆಟುಕುವ ಬೆಲೆಯ ಕಾರಿಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಕೂರಿಸಿದರು. 3.6 ಲೀಟರ್, 65 ಅಶ್ವಶಕ್ತಿ. ನಮ್ಮ ಮಾರುತಿ 800ರ ಎಂಜಿನ್ನಿಗಿಂತ ನಾಲ್ಕೂವರೆ ಪಟ್ಟು ದೊಡ್ಡದು. ಅಲ್ಲಿಯವರೆಗೆ ವಿ-8 ಎಂದರೆ ಶ್ರೀಮಂತರ ಕ್ಯಾಡಿಲಾಕಿನ ಮಾತು. ಆ ಎಂಜಿನ್ನಿನ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿರಲಿಲ್ಲ, ಬ್ಲಾಕಿನೊಳಗೇ ಇದ್ದವು. ಹೆಡ್ಡು ಒಂದು ಚಪ್ಪಟೆ ಮುಚ್ಚಳದಂತಿತ್ತು. ಅದಕ್ಕೇ ಫ್ಲ್ಯಾಟ್‌ಹೆಡ್ ಎಂಬ ಹೆಸರು. ಅದಕ್ಕೊಂದು ದೊಡ್ಡ ಕೊರತೆಯೂ ಇತ್ತು. ಸುಟ್ಟ ಹೊಗೆ ಬ್ಲಾಕಿನ ನಡುವೆಯೇ ಹಾದು ಹೊರಬರಬೇಕಾಗಿದ್ದರಿಂದ ಎಂಜಿನ್ ಬೇಗ ಬಿಸಿಯಾಗುತ್ತಿತ್ತು. ಹುಡುಗರಿಗೆ ಬೇಕಾದದ್ದೇ ಅದು: ಅಗ್ಗ, ಗಟ್ಟಿ, ಮತ್ತು ಸರಿಪಡಿಸಲು ಒಂದು ತಪ್ಪು. ಏಳೆಂಟು ವರ್ಷ ಕಳೆಯುವಷ್ಟರಲ್ಲಿ ಈ ಕಾರುಗಳು ಗುಜರಿಗೆ ಬಂದವು. ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದು ಬಿಡಿಭಾಗ ಹುಡುಕಿದ ಅನುಭವ ಇಲ್ಲಿ ಅನೇಕರಿಗಿದೆ. ಲಾಸ್ ಏಂಜಲೀಸ್ ಸುತ್ತಲಿನ ಗುಜರಿಗಳಲ್ಲಿ ಆ ಹುಡುಗರು ಮಾಡಿದ್ದೂ ಅದನ್ನೇ.

ಓಡಿಸಲು ಜಾಗವೂ ಇತ್ತು. ಮೊಹಾವೆ ಮರುಭೂಮಿಯಲ್ಲಿ ಒಣಗಿದ ಕೆರೆಗಳಿವೆ. ಮ್ಯೂರಾಕ್, ಎಲ್ ಮಿರಾಜ್. ಕೆರೆ ಎಂದರೆ ನಮ್ಮ ಕಲ್ಪನೆಯ ಕೆರೆಯಲ್ಲ. ಗಾರೆ ನೆಲದಂತೆ ಸಮತಟ್ಟಾಗಿ ಮೈಲುಗಟ್ಟಲೆ ಹಬ್ಬಿದ ಬಿಳಿ ಮಣ್ಣು. ಮುಂಜಾನೆ ಗಾಳಿ ಏಳುವ ಮುನ್ನ ಓಡಬೇಕು. ಮುಂದಿನವನು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಏನೂ ಕಾಣದು. 1937ರಲ್ಲಿ ಹಲವು ಕ್ಲಬ್ಬುಗಳು ಸೇರಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ಗಡಿಯಾರ ಹಿಡಿದು ವೇಗ ಬರೆದಿಡುವುದು, ನಿಯಮ ಮಾಡುವುದು ಅದರ ಕೆಲಸ. ಅಷ್ಟರಲ್ಲಿ ಯುದ್ಧ ಬಂತು. ಮ್ಯೂರಾಕ್ ಸೇನೆಯ ವಾಯುನೆಲೆಯಾಯಿತು. ಹುಡುಗರು ಪೆಸಿಫಿಕ್ ದ್ವೀಪಗಳಿಗೋ ಯುರೋಪಿಗೋ ಹೊರಟುಹೋದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಳೆಯ ದಿನಗಳ ಹಂಬಲ ಎಂದರೆ ಎಪ್ಪತ್ತು ದಾಟಿದವರ ಕಾಯಿಲೆ ಎಂದು ನಾವು ತಿಳಿದಿದ್ದೇವೆ. ಈ ಲೋಕದಲ್ಲಿ ಅದು ಶುರುವಾದದ್ದು ಇಪ್ಪತ್ತರ ಹುಡುಗರಲ್ಲಿ. ವೇಡಾ ಆರ್ ಎಂಬ ಹೆಣ್ಣುಮಗಳು ಆ ಅಸೋಸಿಯೇಷನ್ನಿನ ಓಟಗಳಲ್ಲಿ ಸ್ಪರ್ಧಿಸಿದ ಮೊದಲ ಮಹಿಳೆ. ಯುದ್ಧಕಾಲದಲ್ಲಿ ಓಟ ನಿಂತಿತು, ಆದರೆ ಆಕೆ ಕ್ಲಬ್ಬಿನ ಸುದ್ದಿಪತ್ರವನ್ನು ನಿಲ್ಲಿಸಲಿಲ್ಲ. ಯಾರು ಯಾವ ರಂಗದಲ್ಲಿದ್ದಾರೆ, ಯಾರು ಮರಳಲಿಲ್ಲ, ಯಾರ ಕಾರು ಯಾರ ಷೆಡ್ಡಿನಲ್ಲಿ ಮುಸುಕು ಹೊದ್ದು ಕೂತಿದೆ, ಈ ಬಗೆಯ ಸುದ್ದಿಗಳನ್ನು ಹೊತ್ತ ಹಾಳೆಗಳನ್ನು ಸಾಗರದಾಚೆಯ ಸೈನಿಕರಿಗೆ ಅಂಚೆಯಲ್ಲಿ ಕಳಿಸುತ್ತಲೇ ಇದ್ದಳು. ಸೊಳ್ಳೆ, ಮಳೆ, ಮಲೇರಿಯಾಗಳ ನಡುವೆ ಡೇರೆಯಲ್ಲಿ ಕೂತು ಒಣಗಿದ ಕೆರೆಯ ಸುದ್ದಿ ಓದುವ ಹುಡುಗನನ್ನು ಕಲ್ಪಿಸಿಕೊಳ್ಳಿ. ಹಾಟ್ ರಾಡ್ ಪತ್ರಿಕೆಗಳ ಹುಟ್ಟು ನನ್ನ ಮಟ್ಟಿಗೆ ಅಲ್ಲಿದೆ. ಯುದ್ಧ ಮುಗಿದ ಮೇಲೆ ವೇಡಾ ಕೆರೆಯ ಓಟಗಳ ಚಿತ್ರಪುಸ್ತಕವನ್ನೂ ಹೊರತಂದಳು. ಈಗಿನ ಹಂಬಲದ ಪುರವಣಿಗಳಲ್ಲಿ ಆಕೆಯ ಹೆಸರಿಗೆ ಸಿಗುವ ಜಾಗ ಕಡಿಮೆ. ಅದು ನನ್ನ ತಕರಾರು.

ಮರಳಿ ಬಂದವರ ಕೈಯಲ್ಲಿ ಸೇನೆ ಕಲಿಸಿದ ವೆಲ್ಡಿಂಗ್, ಲೇತ್ ಕೆಲಸ ಇತ್ತು. ಕಣ್ಣಲ್ಲಿ ಕಂಡುಬಂದದ್ದೂ ಇತ್ತು. ಬಿಲ್ ಬರ್ಕ್ ಎಂಬಾತ ಪೆಸಿಫಿಕ್‌ನಲ್ಲಿ ಯುದ್ಧವಿಮಾನಗಳ ಹೊಟ್ಟೆಗೆ ಕಟ್ಟುವ ಹೆಚ್ಚುವರಿ ಇಂಧನದ ಟ್ಯಾಂಕುಗಳನ್ನು ನೋಡಿದ್ದ. ಹನಿಯ ಆಕಾರ, ಗಾಳಿ ಸಲೀಸಾಗಿ ಜಾರುವ ಮೈ. 1946ರಲ್ಲಿ ಅಂಥ ಟ್ಯಾಂಕೊಂದನ್ನು ಮಿಲಿಟರಿ ಹರಾಜಿನ ಸಾಮಾನಿನಿಂದ ತಂದು, ಅದರೊಳಗೆ ಎಂಜಿನ್ನನ್ನೂ ತನ್ನನ್ನೂ ತುರುಕಿಕೊಂಡು ಕೆರೆಯ ಮೇಲೆ ಓಡಿಸಿಯೇಬಿಟ್ಟ. ಅದೇ ವರ್ಷ ಅಲೆಕ್ಸ್ ಕ್ಸಿಡಿಯಾಸ್ ಬರ್ಬ್ಯಾಂಕಿನಲ್ಲಿ ಸೋ-ಕ್ಯಾಲ್ ಸ್ಪೀಡ್ ಷಾಪ್ ಎಂಬ, ಕಾರಿನ ವೇಗ ಹೆಚ್ಚಿಸುವ ಬಿಡಿಭಾಗಗಳ ಅಂಗಡಿ ತೆರೆದ. ವಿಕ್ ಎಡೆಲ್‌ಬ್ರಾಕ್ ಎರಡು ಕಾರ್ಬುರೇಟರ್ ಕೂರುವ, ಎಂಜಿನ್ನಿಗೆ ಗಾಳಿ-ಇಂಧನ ಹಂಚುವ ಮ್ಯಾನಿಫೋಲ್ಡ್ ಎರಕ ಹೊಯ್ಯುತ್ತಿದ್ದ. ಆರ್ಮೇನಿಯ ಮೂಲದ ಎಡ್ ಇಸ್ಕೆಂಡೇರಿಯನ್ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಅರೆಯುತ್ತಿದ್ದ. ಎಲ್ಲರೂ ಚಿಕ್ಕ ಷೆಡ್ಡಿನ ಕಸುಬುದಾರರು. ಇವರ ಸರಕು ಊರಾಚೆಗೆ ಗೊತ್ತಾಗಬೇಕಾದರೆ ದಾರಿ ಯಾವುದು?

ದಾರಿ ತೋರಿಸಿದವನು ರಾಬರ್ಟ್ ಪೀಟರ್ಸನ್. ಸಿನಿಮಾ ಪ್ರಚಾರದ ಕೆಲಸ ಮಾಡಿಕೊಂಡಿದ್ದ ಇಪ್ಪತ್ತೊಂದರ ತರುಣ. ಆ ಹೊತ್ತಿಗೆ ದಿನಪತ್ರಿಕೆಗಳ ಕಣ್ಣಿಗೆ ಹಾಟ್ ರಾಡ್ ಹುಡುಗರೆಂದರೆ ಬೀದಿಯ ಪುಂಡರು. ಆ ಕಳಂಕ ತೊಳೆಯಲು ಅಸೋಸಿಯೇಷನ್ 1948ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಆರ್ಮರಿ ಕಟ್ಟಡದಲ್ಲಿ ಕಾರುಗಳ ಪ್ರದರ್ಶನ ಏರ್ಪಡಿಸಿತು. ಪ್ರಚಾರದ ಹೊಣೆ ಹೊತ್ತ ತಂಡದಲ್ಲಿ ಪೀಟರ್ಸನ್ ಇದ್ದ. ಅವನೂ ರಾಬರ್ಟ್ ಲಿಂಡ್ಸೆಯೂ ಸೇರಿ ಆ ಪ್ರದರ್ಶನಕ್ಕೆಂದೇ 'ಹಾಟ್ ರಾಡ್' ಎಂಬ ಹೆಸರಿನಲ್ಲೇ ಪತ್ರಿಕೆ ತಂದರು. ಬೆಲೆ 25 ಸೆಂಟ್. ಅಂಗಡಿ ಇಲ್ಲ, ಏಜೆಂಟ್ ಇಲ್ಲ. ಆರ್ಮರಿಯ ಮೆಟ್ಟಿಲ ಮೇಲೆ ನಿಂತು ತಾವೇ ಮಾರಿದರು. ಆಮೇಲೆ ಓಟದ ಕಣಗಳಲ್ಲಿ, ಧೂಳು ಕುಡಿಯುತ್ತ ಮಾರಿದರು. ಬಯ್ಗುಳದ ಪದವನ್ನೇ ಮುಖಪುಟದ ಹೆಸರಾಗಿಸಿದ ಧೈರ್ಯ ನನಗೆ ಇವತ್ತಿಗೂ ಮೆಚ್ಚುಗೆ. ಮರುವರ್ಷ ವಾಲಿ ಪಾರ್ಕ್ಸ್ ಸಂಪಾದಕನಾದ. ಅವನು ಅಸೋಸಿಯೇಷನ್ನಿನ ಮನುಷ್ಯ. 1951ರಲ್ಲಿ ರಾಷ್ಟ್ರಮಟ್ಟದ ಹಾಟ್ ರಾಡ್ ಸಂಘ, ಎನ್‌ಎಚ್‌ಆರ್‌ಎ, ಹುಟ್ಟಿದ್ದೂ ಅವನ ಕೈಯಲ್ಲೇ. ಸುದ್ದಿ ಬರೆಯುವವನೂ ಸುದ್ದಿ ಹುಟ್ಟಿಸುವವನೂ ಒಬ್ಬನೇ. ಪತ್ರಿಕಾ ಧರ್ಮ ಕಲಿಸುವವರಿಗೆ ಇದು ಒಪ್ಪಿಗೆಯಾಗಲಾರದು. ಆದರೆ ಆ ಬೆಸುಗೆ ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ಪತ್ರಿಕೆ ಕ್ಯಾಲಿಫೋರ್ನಿಯದವರಿಗಿಂತ ಹೆಚ್ಚಾಗಿ ಬೇಕಾದದ್ದು ದೂರದ ಊರಿನ ಹುಡುಗನಿಗೆ. ಆರು ತಿಂಗಳು ಹಿಮ ಬೀಳುವ ಹಳ್ಳಿ, ಸುತ್ತಮುತ್ತ ಇಂಥ ಕಾರೇ ಇಲ್ಲ. ಅವನಿಗೆ ತಿಂಗಳಿಗೊಮ್ಮೆ ಅಂಚೆಯವನು ಒಂದು ಕಾರ್ಯಾಗಾರವನ್ನೇ ತಂದುಕೊಡುತ್ತಿದ್ದ. ಆ್ಯಕ್ಸಲ್ ತಗ್ಗಿಸುವುದು ಹೇಗೆ, ವಾಲ್ವಿನ ದಾರಿ ಎಷ್ಟು ಉಜ್ಜಬೇಕು, ಎಲ್ಲಿಗೆ ನಿಲ್ಲಿಸದಿದ್ದರೆ ಬ್ಲಾಕು ತೂತಾಗುತ್ತದೆ ಎಂದೆಲ್ಲ ಹಂತಹಂತವಾಗಿ ಚಿತ್ರ ಸಮೇತ. ಎರಿಕ್ ರಿಕ್‌ಮನ್ ತೆಗೆದ ಚಿತ್ರಗಳು, ಟಾಮ್ ಮೆಡ್ಲಿ ಬರೆದ ಸ್ಟ್ರೋಕರ್ ಮೆಕ್‌ಗರ್ಕ್ ಎಂಬ ವ್ಯಂಗ್ಯಚಿತ್ರ ಮಾಲೆ. ಮೆಕ್‌ಗರ್ಕ್ ಏನೇನೋ ಅಸಾಧ್ಯ ಉಪಾಯ ಹೂಡುವ ಪೆದ್ದ. ಕಾರು ನಿಲ್ಲಿಸಲು ಹಿಂದೆ ಪ್ಯಾರಾಚೂಟ್ ಕಟ್ಟುವುದು ಅವನ ತಮಾಷೆಗಳಲ್ಲೊಂದು. ಕೆಲವು ವರ್ಷಗಳಲ್ಲಿ ಡ್ರ್ಯಾಗ್ ಓಟದವರು, ಅಂದರೆ ನೇರ ದಾರಿಯಲ್ಲಿ ಅಲ್ಪ ದೂರದ ಪಂದ್ಯ ಓಡುವವರು, ಗಂಭೀರವಾಗಿ ಅದನ್ನೇ ಮಾಡಿದರು.

ಜಾಹೀರಾತುಗಳನ್ನು ಮರೆಯಬೇಡಿ. ಹಳೆಯ ಸಂಚಿಕೆ ಕೈಗೆ ಸಿಕ್ಕರೆ ನಾನು ಮೊದಲು ಓದುವುದು ಅವನ್ನೇ. ಟೆನೆಸಿಯ ಚಟನೂಗದಲ್ಲಿ 'ಆನೆಸ್ಟ್ ಚಾರ್ಲಿ' ಎಂಬ ಅಂಗಡಿ ಇತ್ತು. ನಗೆಚಾಟಿಕೆಯ ಜಾಹೀರಾತು ಹಾಕಿ ದೇಶಕ್ಕೆಲ್ಲ ಅಂಚೆಯಲ್ಲಿ ಬಿಡಿಭಾಗ ಕಳಿಸುತ್ತಿತ್ತು. ಹುಡುಗ ಹುಲ್ಲು ಕೊಯ್ದು ಕೂಡಿಸಿದ ದುಡ್ಡನ್ನು ಮನಿಯಾರ್ಡರ್ ಮಾಡಿ, ಮೂರು ವಾರ ಕಾದು, ಬಂದ ಪೊಟ್ಟಣ ಬಿಚ್ಚುತ್ತಾನೆ. ಆ ಮೂರು ವಾರ ಅವನು ಅದೇ ಪುಟವನ್ನು ಎಷ್ಟು ಸಲ ತಿರುವಿರಬೇಕು! ಈಗ ಎಂಬತ್ತು ದಾಟಿರುವವರು ಜಾಹೀರಾತಿನ ಸಾಲುಗಳನ್ನು ಕಂಠಪಾಠ ಒಪ್ಪಿಸುವುದರಲ್ಲಿ ಆಶ್ಚರ್ಯವೇನಿಲ್ಲ.

1953ರಲ್ಲಿ ಇನ್ನೆರಡು ಪತ್ರಿಕೆಗಳು ಬಂದವು. 'ಹಾಂಕ್' ಎಂದು ಶುರುವಾಗಿ ಅದೇ ವರ್ಷ ಹೆಸರು ಬದಲಿಸಿಕೊಂಡ 'ಕಾರ್ ಕ್ರಾಫ್ಟ್' ಒಂದು, 'ರಾಡ್ ಆ್ಯಂಡ್ ಕಸ್ಟಮ್' ಇನ್ನೊಂದು. ಎರಡನೆಯದು ಕಿರುಹೊತ್ತಗೆಯ ಅಳತೆಯದು. ಪಠ್ಯಪುಸ್ತಕದ ನಡುವೆ ಸರಿಯಾಗಿ ಅಡಗುತ್ತಿತ್ತು. ನಮ್ಮ ತಲೆಮಾರು ಸಮಾಜ ಪಾಠದ ಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಓದಿತಲ್ಲ, ಅಲ್ಲಿನ ಹುಡುಗರು ಇದನ್ನು ಇಟ್ಟುಕೊಂಡರು.

ಇನ್ನು ಕಾರು ಕಟ್ಟುವವರ ವಿಷಯ. ಪ್ರಸಿದ್ಧಿಯ ಬಗ್ಗೆ ಒಂದು ಕಿವಿಮಾತು ಹೇಳಿ ಮುಂದುವರಿಯುತ್ತೇನೆ: ಎಲ್ಲರಿಗೂ ಗೊತ್ತಿರುವ ಹೆಸರು ಜಾರ್ಜ್ ಬ್ಯಾರಿಸ್. ಅವನ ಅಣ್ಣ ಸ್ಯಾಮ್ ಬ್ಯಾರಿಸ್. ತಗಡು ಕತ್ತರಿಸಿ ಬೆಸೆಯುವ ಕೈಚಳಕದಲ್ಲಿ ಸ್ಯಾಮ್ ದೊಡ್ಡವನು ಎಂದು ಬಲ್ಲವರೆಲ್ಲ ಹೇಳುತ್ತಾರೆ. ಜಾರ್ಜ್ ಕಸುಬು ಬಲ್ಲವನೇ, ಆದರೆ ಅವನ ಕೈಯಲ್ಲಿ ಇನ್ನೊಂದು ಉಪಕರಣವಿತ್ತು, ಕ್ಯಾಮೆರಾ. ತಮ್ಮ ಷೆಡ್ಡಿನ ಕಾರುಗಳ, ಬೇರೆಯವರು ಕಟ್ಟಿದ ಕಾರುಗಳ ಚಿತ್ರಗಳನ್ನು ತಾನೇ ತೆಗೆದು, ಲೇಖನ ಬರೆದು ಪತ್ರಿಕೆಗಳಿಗೆ ಕಳಿಸುತ್ತಿದ್ದ. ಮಾಲೀಕನ ಇಷ್ಟಕ್ಕೆ ತಕ್ಕಂತೆ ಮೈ ತಿದ್ದಿದ ಕಾರಿಗೆ ಹೇಳುವ ಕಸ್ಟಮ್ ಎಂಬ ಪದವನ್ನು ಇಂಗ್ಲಿಷಿನ 'ಸಿ' ಬಿಟ್ಟು 'ಕೆ' ಅಕ್ಷರದಿಂದ ಬರೆದು ತನ್ನ ಗುರುತಾಗಿಸಿಕೊಂಡ. ಕನ್ನಡದಲ್ಲಿ ಈ ಚಮತ್ಕಾರ ಕಾಣಿಸುವುದೇ ಇಲ್ಲ. ನಮಗೆ ಎರಡೂ 'ಕ'ವೇ. ಸ್ಯಾಮ್ 1950ರ ದಶಕದ ನಡುವೆ ಅಂಗಡಿ ಬಿಟ್ಟು ಉತ್ತರ ಕ್ಯಾಲಿಫೋರ್ನಿಯಕ್ಕೆ ಹೋದ, 1967ರಲ್ಲಿ ತೀರಿಕೊಂಡ. ಹೀಗೆ ಪತ್ರಿಕೆ ಯಾರನ್ನು ಚಿತ್ರಿಸಿತೋ ಅವರು ಉಳಿದರು. ಪೂರ್ವ ಲಾಸ್ ಏಂಜಲೀಸಿನಲ್ಲಿ ಗಿಲ್ ಮತ್ತು ಆಲ್ ಅಯಾಲಾ ಎಂಬ ಮೆಕ್ಸಿಕನ್ ಮೂಲದ ಸೋದರರಿದ್ದರು. 1949ರ ಮರ್ಕ್ಯುರಿ ಕಾರಿನ ಛಾವಣಿಯನ್ನು ಮೊದಲು ತಗ್ಗಿಸಿದವರು ಅವರೋ ಸ್ಯಾಮೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಹೆಸರು ಮಾತ್ರ ಬ್ಯಾರಿಸ್‌ಗಳದೇ ಹೆಚ್ಚು ಓಡಾಡುತ್ತದೆ.

ಛಾವಣಿ ತಗ್ಗಿಸುವುದು ಎಂದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಾರಿನ ಕಿಟಕಿಯ ಕಂಬಗಳನ್ನು ಅಡ್ಡಕ್ಕೆ ಕತ್ತರಿಸಿ, ನಾಲ್ಕಿಂಚು ತುಂಡು ತೆಗೆದು, ಛಾವಣಿಯನ್ನು ಮತ್ತೆ ಇಳಿಸಿ ಬೆಸೆಯುವುದು. ಹೇಳಲು ಸುಲಭ. ಕಂಬ ನೆಟ್ಟಗಿದ್ದರೆ ಮಾಡಲೂ ಸುಲಭ. ಆದರೆ ಮರ್ಕ್ಯುರಿಯ ಮುಂದಿನ ಕಂಬ ಹಿಂದಕ್ಕೆ ವಾಲಿದೆ, ಹಿಂದಿನದು ಮುಂದಕ್ಕೆ ವಾಲಿದೆ. ನಾಲ್ಕಿಂಚು ತೆಗೆದು ಇಳಿಸಿದ ಕೂಡಲೇ ಮೇಲಿನ ತುಂಡು ಕೆಳಗಿನ ತುಂಡಿನ ಮೇಲೆ ಕೂರುವುದಿಲ್ಲ. ಛಾವಣಿ ಗಿಡ್ಡವಾದಂತೆ ಕಾಣುತ್ತದೆ. ಕಂಬಗಳನ್ನು ಇನ್ನಷ್ಟು ವಾಲಿಸಬೇಕು, ಇಲ್ಲವೇ ಛಾವಣಿಯನ್ನೇ ಸೀಳಿ ನಡುವೆ ತಗಡು ಸೇರಿಸಬೇಕು. ಹಿಂದಿನ ಗಾಜಿನ ಇಳಿಜಾರು ಕೆಟ್ಟರೆ ಇಡೀ ಕಾರು ಮೇಲಿನಿಂದ ಗುದ್ದಿಸಿಕೊಂಡ ಡಬ್ಬಿಯಂತಾಗುತ್ತದೆ. ಬೆಸುಗೆಯ ಗೆರೆಗಳು ಏಳುತ್ತವೆ. ಅವನ್ನು ಮುಚ್ಚಲು ಆಗ ಸೀಸ ತುಂಬುತ್ತಿದ್ದರು. ತಗಡನ್ನು ತಿಕ್ಕಿ, ತವರದ ತೆಳುಲೇಪ ಕೊಟ್ಟು, ಗ್ಯಾಸಿನ ಮೆತ್ತಗಿನ ಉರಿಯಲ್ಲಿ ಸೀಸದ ಕಡ್ಡಿಯನ್ನು ಬೆಣ್ಣೆಯ ಹದಕ್ಕೆ ತಂದು, ಜಿಡ್ಡು ಸವರಿದ ಮರದ ಪಟ್ಟಿಯಿಂದ ನೀವಿ ನೀವಿ ಕೂರಿಸಬೇಕು. ಉರಿ ಒಂದು ಕ್ಷಣ ಹೆಚ್ಚಾದರೆ ಸೀಸವೆಲ್ಲ ನೀರಾಗಿ ನೆಲಕ್ಕೆ. ಗೋಡೆಯಂಥ ನೆಟ್ಟನೆಯ ತಗಡಿನ ಮೇಲೆ ಅದನ್ನು ನಿಲ್ಲಿಸುವುದು, ಬಿಸಿ ಕಾವಲಿಯನ್ನು ನಿಲ್ಲಿಸಿಟ್ಟು ಅದರ ಮೇಲೆ ದೋಸೆ ಹುಯ್ದಂತೆ. ಅಂಥ ಕಾರುಗಳಿಗೆ 'ಲೆಡ್ ಸ್ಲೆಡ್', ಸೀಸದ ಬಂಡಿ ಎಂದು ಅಡ್ಡಹೆಸರು ಬಂದದ್ದು ಇದರಿಂದ.

ಈ ಕೆಲಸದ ಶಿಖರ ಎಂದು ಬಹುಮಂದಿ ಒಪ್ಪುವ ಕಾರು ಬಾಬ್ ಹಿರೋಹಾಟಾ ಎಂಬ ಜಪಾನಿ ಮೂಲದ ಅಮೆರಿಕನ್ ತರುಣನದು. 1951ರ ಮರ್ಕ್ಯುರಿ. ಬ್ಯಾರಿಸ್ ಷೆಡ್ಡಿನಲ್ಲಿ 1952ರಲ್ಲಿ ಸಿದ್ಧವಾಯಿತು. ಛಾವಣಿ ಮುಂದೆ ನಾಲ್ಕಿಂಚು, ಹಿಂದೆ ಏಳಿಂಚು ತಗ್ಗಿತು. ನಡುವಿನ ಕಂಬ ಮಾಯ. ಪಕ್ಕದ ಕ್ರೋಮ್ ಪಟ್ಟಿ ಬ್ಯೂಯಿಕ್ ಕಾರಿನದು, ಹಿಂದಿನ ದೀಪ ಲಿಂಕನ್‌ನದು, ಮುಂದಿನ ಜಾಲರಿ ಫೋರ್ಡ್ ತುಂಡುಗಳನ್ನು ಕೂಡಿಸಿ ಮಾಡಿದ್ದು. ಬಣ್ಣ, ಮೇಲೆ ಸಮುದ್ರದ ನೊರೆಯಂಥ ತಿಳಿಹಸಿರು, ಕೆಳಗೆ ಕಡುಹಸಿರು. ನಾಲ್ಕು ಹೆಸರಿನ ಕಾರುಗಳ ಸಾಮಾನು ಕೂಡಿಸಿದ ಕಾರು ಒಂದೇ ಎರಕದಿಂದ ಇಳಿದಂತೆ ಕಾಣುತ್ತಿತ್ತು. ಆ ವರ್ಷದ ಮೋಟೋರಾಮ ಪ್ರದರ್ಶನದಲ್ಲಿ ಅದು ಎಲ್ಲರ ಬಾಯಲ್ಲಿ ಆಡಿತು. 1953ರಲ್ಲಿ ಹಿರೋಹಾಟಾ ಅದಕ್ಕೆ ಕ್ಯಾಡಿಲಾಕ್ ಎಂಜಿನ್ ಹಾಕಿಸಿ ಲಾಸ್ ಏಂಜಲೀಸಿನಿಂದ ಇಂಡಿಯಾನಾಪೊಲಿಸ್‌ವರೆಗೆ ತಾನೇ ಓಡಿಸಿಕೊಂಡು ಹೋದ. ಆ ಪಯಣದ ಬರಹ ಅಕ್ಟೋಬರಿನ 'ರಾಡ್ ಆ್ಯಂಡ್ ಕಸ್ಟಮ್' ಸಂಚಿಕೆಯಲ್ಲಿ ಬಂತು. ಅಲ್ಲಿಗೆ ಆ ಕಾರು ದೇಶದ ಹುಡುಗರೆಲ್ಲರ ಕಾರಾಯಿತು.

ಆಮೇಲೆ? ಆಮೇಲೆ ಎಲ್ಲ ಹಳೆಯ ಕಾರಿಗೆ ಆಗುವುದೇ ಆಯಿತು. ಕೈಯಿಂದ ಕೈಗೆ ದಾಟಿತು, ಬಣ್ಣ ಬದಲಾಯಿತು, ಫ್ಯಾಷನ್ ಸರಿದುಹೋಯಿತು. 1959ರಲ್ಲಿ ಜಿಮ್ ಮೆಕ್‌ನೀಲ್ ಎಂಬ ಶಾಲಾ ಹುಡುಗ 500 ಡಾಲರ್ ಕೊಟ್ಟು ಅದನ್ನು ಕೊಂಡ. ಕೆಲವು ವರ್ಷ ಅದರಲ್ಲೇ ಓಡಾಡಿದ. ಮದುವೆ, ಸಂಸಾರ ಬಂದ ಮೇಲೆ ಕಾರು ಗ್ಯಾರೇಜಿನ ಮೂಲೆ ಸೇರಿತು. ದಶಕಗಳು ಅಲ್ಲೇ. 1989ರ ಸುಮಾರಿಗೆ, ಮಧ್ಯೆ ನಿಂತುಹೋಗಿ ಮರುಹುಟ್ಟು ಪಡೆದಿದ್ದ ಅದೇ 'ರಾಡ್ ಆ್ಯಂಡ್ ಕಸ್ಟಮ್' ಪತ್ರಿಕೆಯ ಸಂಪಾದಕ ಪ್ಯಾಟ್ ಗಾನಾಲ್ ಆತನ ಬೆನ್ನು ಹತ್ತಿ, ಕಾರನ್ನು ಮತ್ತೆ ಮೊದಲಿನಂತೆ ಮಾಡಲು ಒಪ್ಪಿಸಿದ. ಪುಟದಲ್ಲಿ ಹುಟ್ಟಿದ ಕೀರ್ತಿಯನ್ನು ಪುಟದವರೇ ಹುಡುಕಿಕೊಂಡು ಬಂದರು. ಕಪ್ಪುಬಿಳುಪು ಚಿತ್ರಗಳು ಆಕಾರ ಹೇಳುತ್ತವೆ, ಹಸಿರಿನ ಛಾಯೆ ಹೇಳುವುದಿಲ್ಲ. ಅದಕ್ಕೆ ಸಾಕ್ಷಿ ಬೇಕಾದರೆ ಕಾರನ್ನೇ ಕೇಳಬೇಕು, ಮೇಲಿನ ಬಣ್ಣದ ಪದರಗಳ ಕೆಳಗೆ. 2017ರಲ್ಲಿ ಆ ಕಾರು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಗೆ ಸೇರಿತು. ಮೆಕ್‌ನೀಲ್ ತೀರಿಕೊಂಡ ಬಳಿಕ, 2022ರ ಜನವರಿಯಲ್ಲಿ ಹರಾಜಾದಾಗ ಅದರ ಬೆಲೆ 20 ಲಕ್ಷ ಡಾಲರ್ ದಾಟಿತು. ನನಗೆ ಹರಾಜಿನ ಮೊತ್ತಕ್ಕಿಂತ ಆ ಮೂವತ್ತು ವರ್ಷ ದೊಡ್ಡದಾಗಿ ಕಾಣುತ್ತದೆ. ಗುಜರಿಗೆ ಕೊಟ್ಟು ಜಾಗ ಖಾಲಿ ಮಾಡಿ ಎಂದು ಮನೆಯವರು ಎಷ್ಟು ಸಲ ಹೇಳಿರಬಹುದು ಎಂದು ಇಲ್ಲಿರುವ ಎಲ್ಲರೂ ಊಹಿಸಬಲ್ಲರು.

ಎಡ್ ರಾತ್ ಬಗ್ಗೆ ಹೇಳದೆ ಹೋದರೆ ನೀವು ಬಿಡುವುದಿಲ್ಲ. ಅವನು ತಗಡನ್ನೇ ಬಿಟ್ಟುಬಿಟ್ಟ. ಪ್ಲಾಸ್ಟರಿನಲ್ಲಿ ಆಕಾರ ತಿದ್ದಿ, ಅದರಿಂದ ಫೈಬರ್‌ಗ್ಲಾಸ್ ಮೈ ತೆಗೆದ. 1959ರ 'ಔಟ್‌ಲಾ', 1961ರ 'ಬೀಟ್‌ನಿಕ್ ಬ್ಯಾಂಡಿಟ್'. ಎರಡನೆಯದಕ್ಕೆ ಗಾಜಿನ ಗುಳ್ಳೆಯಂಥ ಛಾವಣಿ. ಸ್ಟಿಯರಿಂಗ್ ಚಕ್ರವಿಲ್ಲ, ನಡುವೆ ಒಂದು ಕೋಲು. ಖರ್ಚಿಗೆ ದುಡ್ಡು ಬಂದದ್ದು ಟೀ ಷರ್ಟುಗಳಿಂದ. ಕಣ್ಣು ಹೊರಬಿದ್ದ, ಹಲ್ಲು ಕಿಸಿದ ರಾಕ್ಷಸರ ಚಿತ್ರ ಬರೆದ ಅಂಗಿಗಳನ್ನು ಪತ್ರಿಕೆಯ ಜಾಹೀರಾತಿನ ಮೂಲಕ ಮಾರಿದ. 'ರ‍್ಯಾಟ್ ಫಿಂಕ್' ಎಂಬ ಹಸಿರು ಇಲಿ ಅವನದೇ. ಇಲ್ಲಿ ನಮ್ಮೂರಿನ ನಂಟು ಒಂದಿದೆ. 1968ರಲ್ಲಿ ಹಾಟ್ ವೀಲ್ಸ್ ಆಟಿಕೆಗಳು ಬಂದಾಗ ಮೊದಲ ಹದಿನಾರು ಕಾರುಗಳಲ್ಲಿ ಬೀಟ್‌ನಿಕ್ ಬ್ಯಾಂಡಿಟ್ ಒಂದು. ಡೆಟ್ರಾಯಿಟ್ಟಿನ ಅಲೆಕ್ಸಾಂಡರ್ ಸೋದರರ 'ಡಿಯೋರಾ' ಇನ್ನೊಂದು. ನಿಮ್ಮ ಮನೆಯ ಸೋಫಾದ ಕೆಳಗೆ ಮಕ್ಕಳು ಉರುಳಿಸಿಬಿಟ್ಟ ಪುಟ್ಟ ಕಾರುಗಳಲ್ಲಿ ಹಿಂದಿನ ಚಕ್ರ ದೊಡ್ಡದಾಗಿ, ಎಂಜಿನ್ ಹೊರಗೆ ಚಾಚಿಕೊಂಡಿರುವ ಒಂದಾದರೂ ಇರುತ್ತದೆ. ನಮ್ಮ ಮಕ್ಕಳು ಹೆಸರು ತಿಳಿಯದೆಯೇ ಹಾಟ್ ರಾಡ್ ಆಡಿಸಿದ್ದಾರೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅರವತ್ತರ ದಶಕದಲ್ಲಿ ಕಾರ್ಖಾನೆಗಳೇ ಶಕ್ತಿಯ ಕಾರು ಮಾರತೊಡಗಿದ್ದರಿಂದ ಹಳೆಯ ಫೋರ್ಡ್ ಕಡಿಯುವವರು ಕಡಿಮೆಯಾದರು. 1970ರಲ್ಲಿ 'ರಾಡ್ ಆ್ಯಂಡ್ ಕಸ್ಟಮ್' ಬಳಗ ಇಲಿನಾಯ್‌ನ ಪಿಯೋರಿಯಾದಲ್ಲಿ ಸ್ಟ್ರೀಟ್ ರಾಡ್‌ಗಳ, ಅಂದರೆ ರಸ್ತೆಯಲ್ಲಿ ಓಡಿಸುವ ಹಾಟ್ ರಾಡ್‌ಗಳ, ರಾಷ್ಟ್ರಮಟ್ಟದ ಮೊದಲ ಕೂಟ ಕರೆಯಿತು. ಮತ್ತೆ ಜೀವ ಬಂತು. ಎಂಬತ್ತರ ದಶಕದಲ್ಲಿ ಬಾಯ್ಡ್ ಕಾಡಿಂಗ್‌ಟನ್‌ನ ಅಂಗಡಿಯಿಂದ ಕನ್ನಡಿಯಂತೆ ನುಣುಪಾದ, ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದ ಚಕ್ರಗಳ ಕಾರುಗಳು ಬಂದವು. ಕೆಲಸ ಅಪ್ಪಟ. ಆದರೂ ಅವನ್ನು ನೋಡಿದಾಗ ನನಗೆ ಪಂಚತಾರಾ ಹೋಟೆಲಿನ ಸ್ನಾನದ ಮನೆ ನೆನಪಾಗುತ್ತದೆ. ಕ್ಷಮಿಸಿ, ಅಭಿರುಚಿಯ ಮಾತು.

2019ರ ಡಿಸೆಂಬರಿನಲ್ಲಿ, ಪೀಟರ್ಸನ್ ಕಟ್ಟಿದ ಪತ್ರಿಕೆಗಳ ಒಡೆತನ ಆಗ ಯಾವ ಸಂಸ್ಥೆಯ ಕೈಯಲ್ಲಿತ್ತೋ ಅದು ತನ್ನ 22 ಪತ್ರಿಕೆಗಳಲ್ಲಿ 19ರ ಮುದ್ರಣವನ್ನು ಒಂದೇ ಏಟಿಗೆ ನಿಲ್ಲಿಸಿತು. 'ಕಾರ್ ಕ್ರಾಫ್ಟ್' ಹೋಯಿತು, 1972ರಿಂದ ಬರುತ್ತಿದ್ದ 'ಸ್ಟ್ರೀಟ್ ರಾಡರ್' ಹೋಯಿತು. 'ರಾಡ್ ಆ್ಯಂಡ್ ಕಸ್ಟಮ್' ಅದಕ್ಕೂ ಮುಂಚೆ, 2014ರಲ್ಲೇ ಹೋಗಿತ್ತು. 'ಹಾಟ್ ರಾಡ್' ಉಳಿಯಿತು. ಮಕ್ಕಳು ದೂರದ ಊರು ಸೇರಿದ ಮನೆಗಳಲ್ಲಿ ಗ್ಯಾರೇಜಿನ ಕಪಾಟು ತುಂಬ ಜೋಡಿಸಿಟ್ಟ ಸಂಚಿಕೆಗಳು, ಕೊಳ್ಳುವವರಿಲ್ಲ, ರದ್ದಿಗೆ ಹಾಕಲು ಮನಸ್ಸಿಲ್ಲ. ಸುಧಾ, ಕಸ್ತೂರಿಗಳನ್ನು ಬೈಂಡ್ ಮಾಡಿಸಿಟ್ಟ ಅಪ್ಪಂದಿರ ಮನೆಗಳಲ್ಲಿ ಬೆಳೆದ ನಮಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಹಂಬಲದಲ್ಲಿ ಒಂದು ವಕ್ರತೆ ಇದೆ, ಅದನ್ನು ಮುಚ್ಚಿಡಲಾರೆ. ಇವತ್ತು ಸಂಪ್ರದಾಯಬದ್ಧ ಹಾಟ್ ರಾಡ್ ಕಟ್ಟುವವರು 1948ರ ಸಂಚಿಕೆ ಎದುರಿಗಿಟ್ಟುಕೊಂಡು, ಆ ವರ್ಷದ ನಂತರದ ಒಂದು ಸ್ಕ್ರೂ ಕೂಡ ಕಾರಿಗೆ ಸೇರದಂತೆ ಎಚ್ಚರ ವಹಿಸುತ್ತಾರೆ. ಒಹಾಯೋದ ಬ್ರೂಕ್‌ವಿಲ್‌ನಲ್ಲಿ 1932ರ ಫೋರ್ಡಿನ ಉಕ್ಕಿನ ಮೈಯನ್ನು ಹೊಚ್ಚಹೊಸದಾಗಿ ಅಚ್ಚು ಒತ್ತಿ ಮಾರುತ್ತಾರೆ. ಅದಕ್ಕೆ ಹಳೆಯ ಕಾರ್ಬುರೇಟರ್ ಹುಡುಕಿ ಕೂರಿಸುತ್ತಾರೆ. ಆದರೆ 1948ರ ಹುಡುಗ ಮಾಡಿದ್ದು ಇದನ್ನಲ್ಲ. ಅವನು ಕೈಗೆ ಸಿಕ್ಕ ಅತ್ಯಂತ ಹೊಸ ಸಾಮಾನನ್ನು ಹಾಕಿದ. ಹೊಸ ಬ್ರೇಕು ಬಂದರೆ ಹಳೆಯದನ್ನು ಚರಂಡಿಗೆ ಎಸೆದ. ವಿಮಾನದ ಟ್ಯಾಂಕು ಸಿಕ್ಕರೆ ಕಾರಿನ ಮೈಯನ್ನೇ ಬಿಟ್ಟ. ಅವನಿಗೆ ನಿನ್ನೆಯ ಬಗ್ಗೆ ಎಳ್ಳಷ್ಟೂ ಭಕ್ತಿ ಇರಲಿಲ್ಲ. ಅವನ ಭಕ್ತರು ಅವನಂತೆ ಉಡುಪು ತೊಡುತ್ತಾರೆ, ಅವನಂತೆ ನಡೆದುಕೊಳ್ಳುವುದಿಲ್ಲ. ಹಾಗೆಂದು ಅವರನ್ನು ಗೇಲಿ ಮಾಡುವ ಮನಸ್ಸೂ ನನಗಿಲ್ಲ. ಸೀಸ ನೀವುವ ಕೈ, ಕಂಬ ವಾಲಿಸುವ ಕಣ್ಣು ಇವತ್ತಿಗೂ ಉಳಿದಿದ್ದರೆ ಅದು ಇವರ ಹಟದಿಂದ. ಮತ್ತು ಅವರು ಕಲಿತದ್ದು ಬಹುಪಾಲು ಆ ಹಳೆಯ ಪುಟಗಳಿಂದಲೇ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಪ್ರಶ್ನೆಗಳಿಗೆ ಹತ್ತು ನಿಮಿಷ ಇಟ್ಟಿದ್ದರು. ಒಂದಿಬ್ಬರು ಹರಾಜಿನ ಬೆಲೆ ಕೇಳಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಎದ್ದರು. ನಲವತ್ತು ವರ್ಷ ಟಿಂಕರಿಂಗ್ ಕೆಲಸ ಮಾಡಿದವರಂತೆ.

"ಸೀಸ ಯಾಕೆ ಸಾರ್? ಪುಟ್ಟಿ ಹಚ್ಚಿದ್ದರೆ ಆಗುತ್ತಿರಲಿಲ್ಲವೇ?"

"ಆ ಪುಟ್ಟಿ ಬಂದದ್ದೇ 1950ರ ದಶಕದ ನಡುವೆ, ಯಜಮಾನರೇ. ಹಿರೋಹಾಟಾ ಕಾರು ಕಟ್ಟುವಾಗ ಅದು ಇರಲಿಲ್ಲ" ಎಂದೆ.

ಅವರು ನಕ್ಕರು. "ಗೊತ್ತಿದ್ದೇ ಕೇಳಿದೆ. ನಮ್ಮ ಗುರುಗಳೂ ಸೀಸವನ್ನೇ ತುಂಬುತ್ತಿದ್ದರು, ಹಿಂದೂಸ್ತಾನ್ ಗಾಡಿಗಳಿಗೆ. ನೀವು ಜಿಡ್ಡು ಎಂದಿರಲ್ಲ, ಅವರು ಪಟ್ಟಿಗೆ ಹರಳೆಣ್ಣೆ ಹಚ್ಚುತ್ತಿದ್ದರು. ಮತ್ತೆ, ನೀವು ಕೈ ತೋರಿಸಿದ್ದು ತಪ್ಪು. ಹೀಗೆ ನೀವಬಾರದು." ಅವರು ಮುಂದೆ ಬಂದು, ನನ್ನ ಮೇಜಿನ ಮೇಲಿದ್ದ ಹಳೆಯ ಸಂಚಿಕೆಯನ್ನು ಪಕ್ಕಕ್ಕೆ ಸರಿಸಿ, ಅಡಿಕೋಲನ್ನು ಎತ್ತಿಕೊಂಡು, ಗಾಳಿಯಲ್ಲೇ ಕೆಳಗಿನಿಂದ ಮೇಲಕ್ಕೆ ಒಂದು ಕಮಾನು ಎಳೆದು ತೋರಿಸಿದರು. "ಹೀಗೆ. ಮೇಲಿನಿಂದ ಎಳೆದರೆ ಸೀಸ ನಿಮ್ಮ ಪಾದದ ಮೇಲೆ."